ಎಂಟು ದಿನಗಳ ಅನಂತರ

ಶಿವನಿಯ ಕಡೆಯ ಸೋದರಿಯೊಬ್ಬರ ಕಾಗದವು ಈ ತಿಂಗಳು ನಮ್ಮ ಕೈಸೇರಿದೆ. ಅವರ ಯಜಮಾನರು ಮದ್ಯವರ್ಜನ ಶಿಬಿರವೊಂದರಲ್ಲಿ ಎಂಟು ದಿನವಿದ್ದು ಕುಡಿತವನ್ನು ಬಿಟ್ಟು ಬಂದರಂತೆ. ಐದು ತಿಂಗಳು ಮನೆಯಲ್ಲಿ ನಿತ್ಯವೂ ಹಬ್ಬ. ಅಡಕೆ ಮಾರಿದ ಹಣ ಕೈಗೆ ಬಂದ ದಿನ ಹಳೆಯ ಗೆಳೆಯರು ಜೊತೆಗೂಡಿದರು, ಎಲ್ಲವೂ ಮೊದಲಿನಂತಾಯಿತು. “ಪುನಃ ಶಿಬಿರಕ್ಕೆ ಕಳುಹಿಸಲೇ, ಇದು ನಮ್ಮ ಹಣೆಬರಹವೆಂದು ಸುಮ್ಮನಿರಲೇ? ಕುಡಿತ ಬಿಟ್ಟವರ ಸಭೆಗೆ ಹೋಗಿರೆಂದರೆ, ನಾಲ್ಕು ಜನ ನೋಡಿಯಾರೆಂದು ನಾಚುತ್ತಾರೆ” ಎಂದು ಅವರು ಕೇಳಿದ್ದಾರೆ.

ಹಣೆಬರಹವೆಂದು ಕೈಚೆಲ್ಲುವುದು ಬೇಡವೆಂದು ಮೊದಲೇ ಹೇಳಿಬಿಡುತ್ತೇವೆ. ಕುಡಿತವನ್ನು ಬಿಡುವುದು ಒಂದು ಕೆಲಸ, ಬಿಟ್ಟಂತೆಯೇ ಇರುವುದು ಮತ್ತೊಂದು. ಮೊದಲನೆಯದು ಎಂಟು ದಿನಗಳಲ್ಲಿ ಆದರೂ ಆಗಬಹುದು. ಎರಡನೆಯದು ವಾರವಾರವೂ ಮಾಡತಕ್ಕದ್ದು. ಒಮ್ಮೆ ಕಳೆ ಕಿತ್ತ ಮಾತ್ರಕ್ಕೆ ಯಾವ ಒಕ್ಕಲಿಗನೂ ಹೊಲವನ್ನು ಮರೆತು ಮಲಗುವುದಿಲ್ಲವಷ್ಟೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಆದರೂ ಬೇರೆ ಮದ್ಯದ ಅಂಗಡಿ ದಾರಿಯಲ್ಲಿಯೇ ಇದೆ. ಅದನ್ನು ದಾಟಿ ಮನೆಗೆ ಬರುವ ಬಲವು ಒಂಟಿಯಾದವನಿಗೆ ಬರುವುದು ಕಷ್ಟ.

1935ರಲ್ಲಿ ಅಮೆರಿಕದ ಆಕ್ರನ್ ಎಂಬ ಪಟ್ಟಣದಲ್ಲಿ ನಡೆದ ಸಂಗತಿಯೊಂದು ಇಲ್ಲಿ ನೆನೆಯತಕ್ಕದ್ದು. ಬಿಲ್ ವಿಲ್ಸನ್ ಎಂಬಾತನು ಕುಡಿತವನ್ನು ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರಕ್ಕಾಗಿ ಆ ಊರಿಗೆ ಬಂದವನ ಕೆಲಸ ಕೆಟ್ಟಿತು. ಹೋಟೆಲಿನ ಮದ್ಯದಂಗಡಿಯ ಕಡೆಗೆ ಮನಸ್ಸು ಎಳೆಯಿತು. ಆಗ ಆತನು ತನ್ನಂತೆಯೇ ಕುಡಿತದಿಂದ ನರಳುವ ಮತ್ತೊಬ್ಬನೊಡನೆ ಮಾತನಾಡಿದರೆ ಉಳಿದೇನೆಂದು ಬಗೆದು, ದೂರವಾಣಿಯಲ್ಲಿ ಇಗರ್ಜಿಯವರನ್ನು ವಿಚಾರಿಸಿದನು. ಹೀಗೆ ದೊರೆತವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಿಕೊಂಡರು. ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಎಂಬ ಕೂಟವು ಹುಟ್ಟಿದ್ದು ಹೀಗೆ. ಅದು 1957ರಲ್ಲಿ ಮುಂಬಯಿಯಲ್ಲಿಯೂ ಕಾಲಿಟ್ಟಿತು. ಈಗ ಬೆಂಗಳೂರಿನಲ್ಲಿ ಕನ್ನಡದಲ್ಲಿಯೂ ಸಭೆಗಳು ಜರುಗುತ್ತವೆ.

ನಮ್ಮ ನಾಡಿನಲ್ಲಿ ಇದೇ ತತ್ತ್ವವು ಇನ್ನೊಂದು ರೂಪದಲ್ಲಿ ಬೇರೂರಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಬೆಂಬಲದೊಡನೆ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಶಿಬಿರಗಳನ್ನು ನಡೆಸುವುದು ವಾಚಕರಿಗೆ ತಿಳಿದಿದೆ. ಶಿಬಿರ ಮುಗಿಸಿದವರನ್ನು ‘ನವಜೀವನ ಸಮಿತಿ’ಯೆಂದು ಒಟ್ಟುಗೂಡಿಸುವ ಪದ್ಧತಿ ಅವರಲ್ಲಿದೆ. ಶಿಬಿರದ ಫಲವು ನಿಲ್ಲುವುದು ಬಹುಮಟ್ಟಿಗೆ ಈ ಕೂಡುವಿಕೆಯಿಂದ. ಆದರೆ ಬಹಳ ಮಂದಿ ಅದನ್ನು ಅಲಕ್ಷಿಸುತ್ತಾರೆ.

ಸಭೆಯಲ್ಲಿ ನಡೆಯುವುದೇನು? ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಪೂರ್ತಿ ಹೆಸರು, ಊರು, ಕುಲ ಯಾವುದನ್ನೂ ಹೇಳಬೇಕಾದುದಿಲ್ಲ. ಒಬ್ಬೊಬ್ಬರೂ ತಮ್ಮ ಕಥೆಯನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮೊದಲ ದಿನ ಮಾತನಾಡದೆ ಕುಳಿತರೂ ಆಕ್ಷೇಪಣೆಯಿಲ್ಲ. “ಜನ್ಮಪೂರ್ತಿ ಕುಡಿಯೆನು” ಎಂಬ ಭಾರೀ ಪ್ರತಿಜ್ಞೆಗಿಂತ “ಈ ಹೊತ್ತು ಕುಡಿಯೆನು” ಎಂಬುದೇ ಅಲ್ಲಿಯ ರೀತಿ. ಅಲ್ಲಿ ಕೇಳಿದ ಮಾತು ಹೊರಗೆ ಹೋಗಕೂಡದೆಂಬುದೇ ಅಲ್ಲಿಯ ಮರ್ಯಾದೆ.

ಹುಡುಕುವ ಬಗೆ ಕಷ್ಟದ್ದಲ್ಲ. ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿಯಲ್ಲಿಯೂ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಯೂ ವಿಚಾರಿಸಬಹುದು. ವ್ಯಸನಮುಕ್ತಿಯ ಸಲಹೆಗೆ 14446, ಮನಸ್ಸಿನ ಕ್ಲೇಶಕ್ಕೆ 14416 ಎಂಬ ದೂರವಾಣಿಗಳಿವೆ. ಸ್ವಂತ ಊರಿನಲ್ಲಿ ನಾಚಿಕೆಯಾದರೆ, ಶಿವನಿಯಲ್ಲಿ ರೈಲು ನಿಲ್ದಾಣವಿದೆಯಲ್ಲ! ಬೇರೆ ಊರಿನ ಸಭೆಗೆ ಹೋಗಿಬರಲಿ. ಕುಡಿದು ಬೀದಿಯಲ್ಲಿ ತೂರಾಡುವುದನ್ನು ಊರೇ ನೋಡಿರುವಾಗ, ಬಿಡಲು ಹೋಗುವುದನ್ನು ನೋಡಿದರೆ ಹೋಗುವ ಮಾನವೇನು? ಒಂದು ಸಭೆ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಲಿ. ಒಂದೇ ದಿನದಲ್ಲಿ ತೀರ್ಪು ಬೇಡ.

ಎರಡು ಎಚ್ಚರಿಕೆಗಳು. ಬಹುಕಾಲ ದಿನವೂ ವಿಪರೀತವಾಗಿ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೈನಡುಕ, ಸೆಳವು, ಬುದ್ಧಿಭ್ರಮಣೆಗಳುಂಟಾಗಿ ಜೀವಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲು ವೈದ್ಯರನ್ನು ಕಾಣಬೇಕು. ಸಭೆಯು ವೈದ್ಯಕ್ಕೆ ಬದಲಲ್ಲ. ಇನ್ನೊಂದು: ಕುಡಿತ ಬಿಡಿಸುವ ಔಷಧವನ್ನು ಗುಟ್ಟಾಗಿ ಊಟದಲ್ಲಿ ಬೆರೆಸಿ ಕೊಡುವುದು ಎಂದಿಗೂ ಸಲ್ಲದು. ಡೈಸಲ್ಫಿರಾಮ್ ಒಳಗಿರುವಾಗ ಮದ್ಯ ಸೇರಿದರೆ ಪ್ರಾಣಕ್ಕೆ ಬರಬಹುದು.

ಕಾಗದ ಬರೆದ ಸೋದರಿಗೆ ಕಡೆಯ ಮಾತು. ಕುಡಿಯುವವರ ಮನೆಯವರಿಗಾಗಿಯೇ 1951ರಲ್ಲಿ ‘ಅಲ್-ಅನಾನ್’ ಎಂಬ ಕೂಟವು ಅಮೆರಿಕದಲ್ಲಿ ಏರ್ಪಟ್ಟಿತು. ಅದು ಕಲಿಸುವುದಿಷ್ಟು: ಅವರ ಕುಡಿತಕ್ಕೆ ತಾವು ಕಾರಣರಲ್ಲ, ಅದನ್ನು ತಡೆಯುವ ಶಕ್ತಿಯೂ ತಮ್ಮ ಕೈಯಲ್ಲಿಲ್ಲ. ಅವರ ಪರವಾಗಿ ಸುಳ್ಳು ಹೇಳಬೇಡಿರಿ, ಅಂಗಡಿಯ ಸಾಲ ತೀರಿಸಬೇಡಿರಿ. ಮೈಮೇಲೆ ಕೈಮಾಡಿದರೆ ಸಹಿಸಿಕೊಂಡಿರಬೇಡಿರಿ. ಮಕ್ಕಳೊಡನೆ ತವರಿಗಾದರೂ ಹೊರಡಿರಿ. ಬಿಡುವ ಮನಸ್ಸು ಮಾಡಿ ಸಭೆಗೆ ಹೊರಟ ದಿನ ಮಾತ್ರ ಹಳೆಯದನ್ನು ಎತ್ತಿ ಆಡಬೇಡಿರಿ. ಆ ಐದು ತಿಂಗಳು ವ್ಯರ್ಥವಾಗಲಿಲ್ಲ. ಕುಡಿಯದೆ ಇರಬಲ್ಲೆನೆಂಬುದನ್ನು ಅವರೂ ಕಂಡಿದ್ದಾರೆ, ತಾವೂ ಕಂಡಿದ್ದೀರಿ. ಆರನೆಯ ತಿಂಗಳನ್ನು ದಾಟಿದವರು ಆ ಸಭೆಯಲ್ಲಿ ಕುಳಿತಿರುತ್ತಾರೆ. ದಾಟಿದ ಬಗೆಯನ್ನು ಅವರ ಬಾಯಿಂದಲೇ ಕೇಳಲಿ.