ಕಾನೂನು ಒಂದೇ, ಕಾವಲು ಎರಡು: ಗಡಿ ತಾಲ್ಲೂಕುಗಳ ವೈದ್ಯಕೀಯ ನಿಯಂತ್ರಣ

ಚಿಕ್ಕೋಡಿ: 2017ರ ಮಾರ್ಚ್ ತಿಂಗಳಲ್ಲಿ ಸಾಂಗ್ಲಿ ಜಿಲ್ಲೆಯ ಮ್ಹೈಸಾಳ ಗ್ರಾಮದ ಬಳಿ ಪೊಲೀಸರು ನೆಲ ಅಗೆದಾಗ 19 ಭ್ರೂಣಗಳು ದೊರೆತವು. ಗರ್ಭಪಾತದ ವೇಳೆ ಮಹಿಳೆಯೊಬ್ಬರು ಮೃತಪಟ್ಟ ಪ್ರಕರಣದ ತನಿಖೆ ಅವರನ್ನು ಅಲ್ಲಿಗೆ ಒಯ್ದಿತ್ತು. ಅಲ್ಲಿನ ಹೋಮಿಯೋಪಥಿ ವೈದ್ಯನ ಬೆನ್ನಲ್ಲೇ, ಲಿಂಗಪತ್ತೆಯ ಆರೋಪದ ಮೇಲೆ ಕಾಗವಾಡ ಮತ್ತು ವಿಜಯಪುರದ ವೈದ್ಯರೂ ಬಂಧಿತರಾದರು. ಪತ್ತೆ ಕರ್ನಾಟಕದಲ್ಲಿ, ಗರ್ಭಪಾತ ಮಹಾರಾಷ್ಟ್ರದಲ್ಲಿ ಎಂಬುದು ಪೊಲೀಸರ ಆರೋಪದ ಸಾರ.

ಏಳು ವರ್ಷಗಳ ನಂತರ ದಿಕ್ಕು ತಿರುಗಿತು. 2024ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಮಹಿಳೆಯೊಬ್ಬರು ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಗರ್ಭಪಾತಕ್ಕೊಳಗಾಗಿ ಮೃತಪಟ್ಟರು. ಶವ ಸಾಂಗ್ಲಿಯಲ್ಲಿ ಕಾರೊಂದರಲ್ಲಿ ಪತ್ತೆಯಾಯಿತು.

ಹಳೆಯ ದಾರಿ

ಚಿಕಿತ್ಸೆಗಾಗಿ ಗಡಿ ದಾಟುವುದು ಈ ಭಾಗಕ್ಕೆ ಹೊಸದಲ್ಲ. ಕೆನಡಾದಲ್ಲಿ ಜನಿಸಿದ ಶಸ್ತ್ರವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ಸ್ಥಾಪಿಸಿದರು. ಅಲ್ಲಿ ವೈದ್ಯಕೀಯ ಶಿಕ್ಷಣವೂ ಆರಂಭವಾಯಿತು. ಅಥಣಿ, ಕಾಗವಾಡ, ರಾಯಬಾಗದವರಿಗೆ ಮಿರಜ ಹಾಗೂ ಸಾಂಗ್ಲಿ, ನಿಪ್ಪಾಣಿ ಮತ್ತು ಚಿಕ್ಕೋಡಿಯವರಿಗೆ ಕೊಲ್ಹಾಪುರ ಹತ್ತಿರ. ಅಥಣಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿಗೆ ನೂರು ಕಿ.ಮೀ.ಗೂ ಹೆಚ್ಚು ಪಯಣಿಸಬೇಕು. ಭಾಷೆ, ಬೀಗತನ, ವ್ಯಾಪಾರ ಎಲ್ಲವೂ ಗಡಿಯ ಎರಡೂ ಬದಿಗೆ ಚಾಚಿವೆ. ರೋಗಿಯ ಈ ದಾರಿಯನ್ನೇ ಅಕ್ರಮ ದಂಧೆಯೂ ಹಿಡಿದಿದೆ.

ಗಡಿಗೆ ನಿಲ್ಲುವ ಅಧಿಕಾರ

ಲಿಂಗಪತ್ತೆ ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಇಂಥ ಕಾನೂನನ್ನು 1988ರಲ್ಲಿ ಮೊದಲು ರೂಪಿಸಿದ್ದು ಮಹಾರಾಷ್ಟ್ರವೇ. ಆದರೂ 2011ರ ಜನಗಣತಿಯಂತೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಅಲ್ಲಿದ್ದ ಹೆಣ್ಣುಮಕ್ಕಳು 894, ಕರ್ನಾಟಕದಲ್ಲಿ 948.

ತೊಡಕಿರುವುದು ಜಾರಿಯಲ್ಲಿ. ಸ್ಕ್ಯಾನಿಂಗ್ ಕೇಂದ್ರಗಳು ಪ್ರತಿ ತಿಂಗಳ ವರದಿಯನ್ನು ಮರುತಿಂಗಳ 5ರೊಳಗೆ ತಮ್ಮ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ತಪಾಸಣೆ, ಜಪ್ತಿ, ನ್ಯಾಯಾಲಯಕ್ಕೆ ದೂರು ಎಲ್ಲವೂ ಆ ಪ್ರಾಧಿಕಾರದ ಹೊಣೆ. ಅದರ ಅಧಿಕಾರವಾದರೋ ತನ್ನ ವ್ಯಾಪ್ತಿಯ ಗಡಿಗೆ ಮುಗಿಯುತ್ತದೆ. ಖಾಸಗಿ ಆಸ್ಪತ್ರೆಗಳ ನೋಂದಣಿಗೆ ಕರ್ನಾಟಕದಲ್ಲಿ 2007ರ ಕೆಪಿಎಂಇ ಕಾಯ್ದೆ, ಮಹಾರಾಷ್ಟ್ರದಲ್ಲಿ 1949ರ ನರ್ಸಿಂಗ್ ಹೋಂ ಕಾಯ್ದೆ. ವೈದ್ಯಕೀಯ ಪರಿಷತ್ತುಗಳೂ ಪ್ರತ್ಯೇಕ. ಒಂದು ರಾಜ್ಯದ ಕಡತದಲ್ಲಿರುವ ಕಳಂಕ ಇನ್ನೊಂದಕ್ಕೆ ತಾನಾಗಿಯೇ ತಿಳಿಯದು.

ಆಗಬೇಕಾದ್ದೇನು?

ನಿಪ್ಪಾಣಿ ಮತ್ತು ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾಗಿ 2018ರಲ್ಲಿ ಅಸ್ತಿತ್ವಕ್ಕೆ ಬಂದವು. ಆಡಳಿತ ಜನರಿಗೆ ಹತ್ತಿರವಾಯಿತು, ಸರಿ. ಆದರೆ ಗಡಿಯಾಚೆಯ ಕಚೇರಿಯೊಡನೆ ಕೊಂಡಿ ಬೆಸೆಯದೆ ಈ ಸಾಮೀಪ್ಯ ಅಪೂರ್ಣ. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳು ನೋಂದಾಯಿತ ಸ್ಕ್ಯಾನಿಂಗ್ ಯಂತ್ರಗಳು, ಪರವಾನಗಿ ರದ್ದಾದ ಕೇಂದ್ರಗಳು ಹಾಗೂ ಮೊಕದ್ದಮೆ ಎದುರಿಸುತ್ತಿರುವ ವೈದ್ಯರ ಪಟ್ಟಿಯನ್ನು ಪರಸ್ಪರ ಒದಗಿಸಿದರೆ ಅರ್ಧ ದಾರಿ ಸವೆದಂತೆ. ಜಂಟಿ ತಪಾಸಣೆ ಮುಂದಿನ ಹೆಜ್ಜೆ.

ಇಲ್ಲೊಂದು ಎಚ್ಚರ ಅಗತ್ಯ. 1971ರ ಕಾಯ್ದೆಯಂತೆ ಅರ್ಹ ವೈದ್ಯರಿಂದ ಗರ್ಭಪಾತ ಮಾಡಿಸಿಕೊಳ್ಳುವುದು ಕಾನೂನುಬದ್ಧ. ಆ ಮಹಿಳೆಯ ಗೋಪ್ಯತೆಗೂ ರಕ್ಷಣೆಯಿದೆ. ಕಣ್ಗಾವಲು ಯಂತ್ರ ಮತ್ತು ಪರವಾನಗಿಯ ಮೇಲಿರಬೇಕೇ ಹೊರತು ಗರ್ಭಿಣಿಯ ಮೇಲಲ್ಲ. ಹೆದರಿದ ಹೆಣ್ಣು ಮತ್ತೆ ಹೋಗುವುದು ನಕಲಿ ವೈದ್ಯರ ಬಾಗಿಲಿಗೇ. ಗಡಿಯ ಎರಡೂ ಬದಿಯಲ್ಲಿ ಸಂಭವಿಸಿದ ಸಾವುಗಳು ಕಲಿಸಿದ ಪಾಠ ಇದೇ.