ಟಿಪ್ಸ್ ಬರೆಯುವವರೂ ‘ಏಕೆ’ ಎಂದು ಕೇಳಬೇಕು

ಪತ್ರಿಕೆ ಓದಿ ಮುಗಿದ ಮೇಲೆ ಅದರಲ್ಲಿ ಏನು ಉಳಿಯುತ್ತದೆ ಎಂದು ನಮ್ಮೂರುಗಳ ಮನೆಯಲ್ಲಿ ಒಮ್ಮೆ ನೋಡಿ. ನಾವು ಬಿಸಿಲಲ್ಲಿ ಕುಳಿತು ಬರೆದು ಕಳಿಸಿದ ಜಿಲ್ಲಾ ಪಂಚಾಯಿತಿ ಸಭೆಯ ಸುದ್ದಿ ಮರುದಿನ ಬೋಂಡಾ ಕಟ್ಟಲು ಹೋಗಿರುತ್ತದೆ. ‘ನಲ್ಲಿಯ ಬಿಳಿ ಕಲೆ ತೆಗೆಯಲು ಹೀಗೆ ಮಾಡಿ’ ಎಂಬ ನಾಲ್ಕು ಸಾಲು ಮಾತ್ರ ಕತ್ತರಿಸಿಕೊಂಡು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿರುತ್ತದೆ. ಈಗ ಅದೇ ನಾಲ್ಕು ಸಾಲು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಓಡಾಡುತ್ತವೆ.

ಓದಿದವರು ಅದೇ ದಿನ ಮಾಡಿ ನೋಡುವ ಬರಹ ಅದು. ಆದರೆ ನಾವು ಬರೆಯುವವರು ಅತಿ ಕಡಿಮೆ ತಲೆ ಕೆಡಿಸಿಕೊಳ್ಳುವುದೂ ಅದರ ಬಗ್ಗೆಯೇ. ಪುಟದಲ್ಲಿ ಮೂರು ಇಂಚು ಜಾಗ ಉಳಿದರೆ ಒಂದು ಟಿಪ್ಸ್ ತುಂಬುತ್ತೇವೆ. ಬೈಲೈನ್ ಇಲ್ಲ, ಕೇಳುವವರಿಲ್ಲ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದವರು ಇಲ್ಲಿ ‘ಹೇಗೆ’ ಒಂದನ್ನೇ ಬರೆದು ‘ಏಕೆ’ಯನ್ನು ಬಿಡುತ್ತೇವೆ. ನನ್ನ ಪ್ರಕಾರ ಇದು ಸಣ್ಣ ಲೋಪವಲ್ಲ.

ನಲ್ಲಿಯ ಕಲೆಯನ್ನೇ ತೆಗೆದುಕೊಳ್ಳಿ. ಬಯಲುಸೀಮೆಯ ಕೊಳವೆಬಾವಿ ನೀರು ಗಡಸು. ನೀರು ಆರಿದಲ್ಲೆಲ್ಲ ಬಿಳಿ ಪದರ ಕಟ್ಟುತ್ತದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತು. ನಿಂಬೆ, ವಿನೆಗರ್‌ನ ಹುಳಿ ಅದನ್ನು ಕರಗಿಸುತ್ತದೆ. ಹುಳಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ನಲ್ಲಿ ಹೊಳೆಯುತ್ತದೆ. ಸಲಹೆ ಸರಿಯಾಗಿದೆ.

ಆದರೆ ಅದೇ ಸಲಹೆಯನ್ನು ಕಲಬುರಗಿ ಕಡೆಯವರು ಓದಿ, ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲಿನ ಕಲೆಗೂ ನಿಂಬೆ ಉಜ್ಜಿದರೆ? ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಕಲೆಯ ಜೊತೆಗೆ ನೆಲವನ್ನೂ ಹುಳಿ ತಿನ್ನುತ್ತದೆ. ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಅಮೃತಶಿಲೆ, ಮೊಸಾಯಿಕ್ ನೆಲದ ಕಥೆಯೂ ಇದೇ. ಬಾಡಿಗೆ ಮನೆಯಾದರೆ ಅಡ್ವಾನ್ಸ್‌ನಲ್ಲಿ ಹಣ ಮುರಿದುಕೊಳ್ಳಲು ಮಾಲೀಕರಿಗೆ ಅಷ್ಟು ಸಾಕು. ‘ಹುಳಿ ಸುಣ್ಣವನ್ನು ಕರಗಿಸುತ್ತದೆ, ಆದ್ದರಿಂದ ಕಲ್ಲಿನ ನೆಲಕ್ಕೆ ಬೇಡ’ ಎಂಬ ಒಂದೇ ಸಾಲು ಸೇರಿಸಿದ್ದರೆ ಓದುಗರು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

ಇನ್ನೊಂದು ಜನಪ್ರಿಯ ಸಲಹೆ ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸುವುದು. ಬುಸ್ಸೆಂದು ನೊರೆ ಉಕ್ಕುತ್ತದೆ, ವಿಡಿಯೊಗೆ ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿ ಒಂದರ ಶಕ್ತಿಯನ್ನು ಇನ್ನೊಂದು ಕೊಲ್ಲುತ್ತದೆ. ಗಾಳಿಗೆ ಹೋಗುವುದು ಇಂಗಾಲದ ಡೈಆಕ್ಸೈಡ್, ಪಾತ್ರೆಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ ಬೇರೆ, ಬಿಳಿ ಕಲೆಗೆ ವಿನೆಗರ್ ಬೇರೆ ಬಳಸಿದರೇ ಕೆಲಸ ಆಗುತ್ತದೆ. ಇಲ್ಲಿ ನಷ್ಟ ನಾಲ್ಕು ರೂಪಾಯಿಯದು, ಹೋಗಲಿ ಬಿಡಿ.

ಮೂರನೆಯದರಲ್ಲಿ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ನಮ್ಮ ಮನೆಗಳಲ್ಲಿ ಇರುತ್ತದೆ. ಬ್ಲೀಚಿಂಗ್ ಪೌಡರ್ ಕೂಡ ಇರುತ್ತದೆ. ‘ಒಂದೇ ಸಾಲದಿದ್ದರೆ ಎರಡೂ ಹಾಕಿ’ ಎನ್ನುವ ಬುದ್ಧಿ ಯಾರಿಗಾದರೂ ಬರಬಹುದು. ಎರಡೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ್ದರಿಂದ ಅದು ಕೆಳಗೇ ನಿಲ್ಲುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಉಜ್ಜುವ ಹೆಂಗಸಿನ ಮುಖವೂ ಅಲ್ಲೇ ಇರುತ್ತದೆ. ಕಣ್ಣು ಉರಿದು ಕೆಮ್ಮು ಬಂದರೆ ಸ್ವಚ್ಛ ಮಾಡುವುದನ್ನು ಬಿಟ್ಟು ಮೊದಲು ಹೊರಗೆ ಬರಬೇಕು. ಉಸಿರು ಕಟ್ಟಿದಂತಾದರೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಟಿಪ್ಸ್ ಅಂಕಣಗಳಲ್ಲಿ ಈ ಮಾತು ಎಷ್ಟು ಸಲ ಬಂದಿದೆ?

ಹಾಗೆಂದು ಮನೆಮಟ್ಟದ ರಿಪೇರಿಯನ್ನು ನಾನು ಹಗುರ ಮಾಡುತ್ತಿಲ್ಲ. ತಾಲ್ಲೂಕು ಕೇಂದ್ರದಿಂದ ಪ್ಲಂಬರ್ ಬರಬೇಕಾದರೆ ಅವರ ಬಸ್ ಚಾರ್ಜು, ಅರ್ಧ ದಿನದ ಕೂಲಿ ಎರಡೂ ನಮ್ಮ ತಲೆಗೇ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ, 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ದಿನಕ್ಕೆ 4 ಲೀಟರ್‌ಗೂ ಹೆಚ್ಚು ನೀರು ಪೋಲು. ವಾರಕ್ಕೊಮ್ಮೆ ನೀರು ಬಿಡುವ ಊರಲ್ಲಿ ಅದು ಸಣ್ಣ ಲೆಕ್ಕವಲ್ಲ. ಹಳೆಯ ನಲ್ಲಿಯಾದರೆ ಅನೇಕ ಸಲ ಒಳಗಿನ ವಾಷರ್ ಬದಲಿಸಿದರೆ ಸಾಕು. ಅದನ್ನು ಹೇಳಿಕೊಡುವುದು ಒಳ್ಳೆಯ ಪತ್ರಿಕೋದ್ಯಮವೇ.

ಮಳೆಗಾಲದಲ್ಲಿ ಬಾಗಿಲು ಹಿಡಿದರೆ ಅಂಚಿಗೆ ಮೇಣದಬತ್ತಿ ಉಜ್ಜಿ ಎನ್ನುತ್ತೇವೆ. ಏಕೆ ಎಂದೂ ಹೇಳೋಣ: ಮರ ತೇವ ಕುಡಿದು ಉಬ್ಬಿದೆ, ಬೇಸಿಗೆಗೆ ಮತ್ತೆ ಇಳಿಯುತ್ತದೆ. ಈಗಲೇ ಬಡಗಿ ಕರೆಸಿ ಕೀಸಿಸಿದರೆ ಆಗ ಸಂದಿ ಬೀಳುತ್ತದೆ. ಗ್ಯಾಸ್ ಸೋರುತ್ತಿದೆಯೇ ಎಂದು ತಿಳಿಯಲು ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ ಎನ್ನುತ್ತೇವೆ. ಮುಂದಿನದನ್ನೂ ಬರೆಯೋಣ: ಗುಳ್ಳೆ ಎದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ. ಟೇಪು ಸುತ್ತಿ ಸುಮ್ಮನಾಗುವ ರಿಪೇರಿ ಅಲ್ಲ ಅದು.

ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ನಿಜ. ಆದರೆ ಹಿತ್ತಾಳೆಗೆ ಹುಣಸೆಹಣ್ಣು, ಜಿಡ್ಡಿನ ಪಾತ್ರೆಗೆ ಬೂದಿ ಎಂದು ಅವರು ವಸ್ತು ನೋಡಿ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದರು, ತಪ್ಪಿದರೆ ಕೈ ಹಿಡಿಯುತ್ತಿದ್ದರು. ಪತ್ರಿಕೆ ಪಕ್ಕದಲ್ಲಿ ನಿಲ್ಲುವುದಿಲ್ಲ. ಆ ಕೊರತೆಯನ್ನು ನಮ್ಮ ಸಾಲುಗಳೇ ತುಂಬಬೇಕು.

ಆದ್ದರಿಂದ ಡೆಸ್ಕಿನಲ್ಲಿರುವ ಗೆಳೆಯರಿಗೂ ನನ್ನಂತಹ ಸ್ಟ್ರಿಂಗರ್‌ಗಳಿಗೂ ಒಂದು ಮಾತು. ಟಿಪ್ಸ್ ಬರೆಯುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ಏಕೆ ಕೆಲಸ ಮಾಡುತ್ತದೆ? ಯಾವುದರ ಮೇಲೆ ಬಳಸಬಾರದು? ಯಾವುದರ ಜೊತೆ ಬೆರೆಸಬಾರದು? ಉತ್ತರ ಸಿಗದಿದ್ದರೆ ಆ ಮೂರು ಇಂಚು ಜಾಗಕ್ಕೆ ಊರಿನ ಬಸ್ ವೇಳಾಪಟ್ಟಿ ಹಾಕಿ. ಅದೂ ಕಪಾಟಿನ ಬಾಗಿಲಿಗೆ ಅಂಟುತ್ತದೆ, ಯಾರ ಉಸಿರನ್ನೂ ಕಟ್ಟಿಸುವುದಿಲ್ಲ.