ಫ್ಯಾನ್ ಬೇಡವೆಂದ ಗಣಕಗಳು

ಗೊರಗೊರ ಎನ್ನುವ ರೇಡಿಯೋದ ಬೆನ್ನಿಗೆ ಎರಡು ಏಟು ಹಾಕಿ ಅದನ್ನು ಮತ್ತೆ ಹಾಡಿಸುವ ವಿದ್ಯೆ ಹಳೆಯ ತಲೆಮಾರಿನ ಎಲ್ಲ ಮನೆಗಳಿಗೂ ಗೊತ್ತು. ಆದರೆ ಯಂತ್ರವನ್ನು ತಯಾರಿಸಿದ ಕಂಪನಿಯೇ ಇಂಥ ಚಿಕಿತ್ಸೆಯನ್ನು ಲಿಖಿತವಾಗಿ ಸೂಚಿಸಿದರೆ? ಅಮೆರಿಕದ ಆಪಲ್ ಕಂಪನಿ 1980ರಲ್ಲಿ ಹೊರತಂದ ‘ಆಪಲ್ ಥ್ರೀ’ ಎಂಬ ಗಣಕದ ವಿಷಯದಲ್ಲಿ ಹಾಗೆಯೇ ಆಯಿತು. ಗಣಕ ಕೈಕೊಟ್ಟರೆ ಅದನ್ನು ಮೇಜಿನಿಂದ ತುಸು ಮೇಲೆತ್ತಿ ಕೆಳಕ್ಕೆ ಬಿಡಿ ಎಂದು ಕಂಪನಿಯ ತಾಂತ್ರಿಕ ಸೂಚನೆ ಹೇಳಿತು! ಆ ಗಣಕದ ಬೆಲೆಯಾದರೂ ಸಾಮಾನ್ಯವೆ? 4,340 ಡಾಲರುಗಳಿಂದ ಆರಂಭ.

ಈ ಸಲಹೆಯ ಹಿಂದೆ ತಮಾಷೆ ಇರಲಿಲ್ಲ, ಭೌತಶಾಸ್ತ್ರವಿತ್ತು. ಬಿಸಿಯಾದ ವಸ್ತು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಗಣಕದೊಳಗಿನ ಚಿಪ್ಪುಗಳು ತಮ್ಮ ತಮ್ಮ ಸಾಕೆಟ್ಟುಗಳಲ್ಲಿ ಕಾಲೂರಿ ಕುಳಿತಿರುತ್ತವೆ. ದಿನವೂ ಹಿಗ್ಗಿ ಕುಗ್ಗಿ ಅವು ಕೂದಲೆಳೆಯಷ್ಟು ಮೇಲೇಳುತ್ತ ಹೋದರೆ ಒಂದು ದಿನ ಸಂಪರ್ಕ ತಪ್ಪುತ್ತದೆ. ಎತ್ತಿ ಕುಕ್ಕಿದರೆ ಮತ್ತೆ ಸ್ವಸ್ಥಾನಕ್ಕೆ ಬರುತ್ತವೆ. ಕಂಪನಿ ಕೊನೆಗೆ ಮೊದಲು ಮಾರಿದ ಸುಮಾರು 14,000 ಗಣಕಗಳನ್ನು ಬದಲಾಯಿಸಿಕೊಡಬೇಕಾಯಿತು. ದೋಷ ತಿದ್ದಿದ ಮಾದರಿ 1981ರ ಕೊನೆಗೆ ಬಂದರೂ ಹೋದ ಹೆಸರು ಮರಳಲಿಲ್ಲ. 1984ರಲ್ಲಿ ಅದರ ಕಥೆ ಮುಗಿಯಿತು.

ಅಷ್ಟು ಬಿಸಿಯೇಕೆ? ಆ ಗಣಕದಲ್ಲಿ ಫ್ಯಾನ್ ಇರಲಿಲ್ಲ. ಫ್ಯಾನಿನ ಸದ್ದು ಮನುಷ್ಯನ ಏಕಾಗ್ರತೆಗೆ ಶತ್ರು ಎಂಬುದು ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಅವರ ದೃಢ ನಂಬಿಕೆ. ಅಲ್ಯೂಮಿನಿಯಂ ಎರಕದ ದಪ್ಪ ತಳಪಾಯವೇ ಶಾಖವನ್ನು ಹೀರಿ ಹೊರಹಾಕಬೇಕೆಂಬುದು ಯೋಜನೆ. ತೊಂದರೆಗೆ ಬಿಸಿಯೇ ಕಾರಣವೆಂಬುದನ್ನು ಹೊರಕವಚದ ವಿನ್ಯಾಸಕಾರ ಜೆರ್ರಿ ಮ್ಯಾನಕ್ ಒಪ್ಪಲಿಲ್ಲ. ಇನ್ನೊಬ್ಬ ಸ್ಥಾಪಕ ಸ್ಟೀವ್ ವಾಜ್ನಿಯಾಕ್, ಯಂತ್ರವನ್ನು ಎಂಜಿನಿಯರುಗಳ ಬದಲು ಮಾರಾಟ ವಿಭಾಗದವರು ರೂಪಿಸಿದ್ದೇ ತಪ್ಪು ಎಂದರು. ಅವರ ಜಗಳ ಅವರಿಗಿರಲಿ. ಫ್ಯಾನ್ ಇಲ್ಲದೆ ಗಣಕವನ್ನು ತಣ್ಣಗಿಡುವುದು ಅಷ್ಟು ಕಷ್ಟವೆ ಎಂಬ ಪ್ರಶ್ನೆ ಮಾತ್ರ ವಿದ್ಯಾರ್ಥಿಗಳಿಗೆ ಬಹಳ ಒಳ್ಳೆಯದು, ಏಕೆಂದರೆ ಪಠ್ಯಪುಸ್ತಕದ ಉಷ್ಣದ ಅಧ್ಯಾಯ ಪೂರ್ತಿ ಅದರಲ್ಲಿ ಅಡಗಿದೆ.

ಮೊದಲು ಒಂದು ಲೆಕ್ಕ ತಿಳಿಯಬೇಕು. ಪಂಪು ನೀರೆತ್ತುತ್ತದೆ, ಗಿರಣಿ ಹಿಟ್ಟು ಬೀಸುತ್ತದೆ. ಗಣಕದ ಚಿಪ್ಪು ಎಷ್ಟೇ ಜಾಣ ಕೆಲಸ ಮಾಡಲಿ, ಅದು ಸೇವಿಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ನೂರು ವಾಟ್ ಒಳಗೆ ಹೋದರೆ ನೂರು ವಾಟ್ ಹೊರಗೆ. ಫ್ಯಾನ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಫ್ಯಾನಿಲ್ಲದ ಗಣಕ ಕೋಣೆಯನ್ನು ಕಡಿಮೆ ಬಿಸಿ ಮಾಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ಯಾನಿನ ಕೆಲಸ ಶಾಖವನ್ನು ಇಲ್ಲವಾಗಿಸುವುದಲ್ಲ, ಬೇಗ ಸಾಗಿಸುವುದು ಮಾತ್ರ.

1993ರ ಪೆಂಟಿಯಂ ಚಿಪ್ಪು ಹೆಚ್ಚೆಂದರೆ 16 ವಾಟ್ ತಿನ್ನುತ್ತಿತ್ತು. 2004ರ ಪೆಂಟಿಯಂ ಫೋರ್ ನೂರು ವಾಟ್ ದಾಟಿತು. ನೂರು ವಾಟ್ ಒಂದು ಹಳೆಯ ಬಲ್ಬಿನಷ್ಟು ತಾನೆ ಎನ್ನಬಹುದು. ಆದರೆ ಆ ಸಿಲಿಕಾನ್ ಬಿಲ್ಲೆಯ ವಿಸ್ತೀರ್ಣ ಒಂದು ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ! ಮನೆಯ 750 ವಾಟಿನ ಇಸ್ತ್ರಿಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಅದರ ತಳ ಸುಮಾರು 150 ಚದರ ಸೆಂಟಿಮೀಟರ್; ಅಂದರೆ ಒಂದು ಚದರ ಸೆಂಟಿಮೀಟರಿಗೆ 5 ವಾಟ್. ಚಿಪ್ಪಿನಲ್ಲಿ ಅದರ ಹದಿನೆಂಟು ಪಟ್ಟು! ಇದೇ ಗತಿಯಲ್ಲಿ ಹೋದರೆ ಕೆಲವೇ ವರ್ಷಗಳಲ್ಲಿ ಚಿಪ್ಪಿನ ಶಾಖ ಸಾಂದ್ರತೆ ಪರಮಾಣು ಸ್ಥಾವರವನ್ನು, ಆಮೇಲೆ ರಾಕೆಟ್ಟಿನ ಮೂತಿಯನ್ನು ಸರಿಗಟ್ಟುತ್ತದೆ ಎಂದು ಇಂಟೆಲ್ ಕಂಪನಿಯ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ ಎಚ್ಚರಿಸಿದ್ದರು. ಇಂಟೆಲ್ 2004ರ ಮೇ ತಿಂಗಳಲ್ಲಿ ‘ಟೆಜಾಸ್’ ಎಂಬ ಮುಂದಿನ ಚಿಪ್ಪಿನ ಯೋಜನೆಯನ್ನೇ ಕೈಬಿಟ್ಟು, ವೇಗದ ಬೆನ್ನುಹತ್ತುವ ಬದಲು ಒಂದೇ ಬಿಲ್ಲೆಯಲ್ಲಿ ಎರಡು ಮಿದುಳು ಕೂರಿಸುವ ದಾರಿ ಹಿಡಿಯಿತು.

ಆಪಲ್ ಕಂಪನಿಗೆ ಹಿಂದಿರುಗೋಣ. ಫ್ಯಾನಿಲ್ಲದ ಗಣಕ ಅವರಿಗೆ ಹೊಸದೇನೂ ಆಗಿರಲಿಲ್ಲ. 1977ರ ಆಪಲ್ ಟೂ ಗಣಕದಲ್ಲೂ ಫ್ಯಾನ್ ಇರಲಿಲ್ಲ, ಆದರೂ ಅದು ವರ್ಷಗಟ್ಟಲೆ ಚೆನ್ನಾಗಿ ನಡೆಯಿತು. ಅದರ ಗುಟ್ಟು ರಾಡ್ ಹೋಲ್ಟ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಪೂರೈಕೆ ಪೆಟ್ಟಿಗೆ. ಆ ಕಾಲದ ಸಾಮಾನ್ಯ ಪೂರೈಕೆಗಳು ಹೆಚ್ಚಿನ ವೋಲ್ಟೇಜನ್ನು ಸುಟ್ಟು ಶಾಖವಾಗಿಸಿ ಬಿಸಾಡುತ್ತಿದ್ದವು. ಹೋಲ್ಟ್ ಅವರದು ಸೆಕೆಂಡಿಗೆ ಸಾವಿರಾರು ಬಾರಿ ಸ್ವಿಚ್ಚು ಹಾಕಿ ತೆಗೆದು ಬೇಕಾದಷ್ಟನ್ನೇ ಒಳಗೆ ಬಿಡುವ ಕ್ರಮ. ಹುಟ್ಟಿದ ಶಾಖವನ್ನು ಅಟ್ಟುವುದಕ್ಕಿಂತ ಶಾಖ ಹುಟ್ಟದಂತೆ ನೋಡಿಕೊಳ್ಳುವುದು ಮೇಲು ಎಂಬುದನ್ನು ಅಲ್ಲಿ ಸಾಧಿಸಿದ್ದರು. ಆಪಲ್ ಥ್ರೀ ಹೊತ್ತಿಗೆ ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಹೆಚ್ಚು ಚಿಪ್ಪು ತುರುಕಿದ್ದರಿಂದ ಆ ಉಳಿತಾಯ ಸಾಲದಾಯಿತು.

1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂಟಾಶ್‌ನಲ್ಲೂ ಫ್ಯಾನ್ ಇಲ್ಲ! ಚಿತ್ರನಳಿಕೆಯೂ ಅದೇ ಪೆಟ್ಟಿಗೆಯಲ್ಲಿದ್ದುದರಿಂದ ಅದು ಚೆನ್ನಾಗಿ ಕಾಯುತ್ತಿತ್ತು. ಬ್ರೆಡ್ಡು ಸುಡುವ ಟೋಸ್ಟರ್ ಎಂದು ಜನ ಅಡ್ಡಹೆಸರಿಟ್ಟರು. ಕೆಲವರು ಅದರ ನೆತ್ತಿಯ ಮೇಲೆ ರಟ್ಟಿನ ಚಿಮಣಿ ಕೂರಿಸಿದರು. ನಗಬೇಡಿ, ಅದು ಶುದ್ಧ ವಿಜ್ಞಾನ. ಲಾಟೀನಿಗೆ ಗಾಜಿನ ಬುರುಡೆ ಹಾಕಿದೊಡನೆ ಜ್ವಾಲೆ ಚುರುಕಾಗುವುದನ್ನು ಕಂಡಿದ್ದೀರಲ್ಲವೆ? ಬಿಸಿಗಾಳಿ ಹಗುರ, ಮೇಲೇರುತ್ತದೆ. ಸುತ್ತ ಗೋಡೆಯಿದ್ದರೆ ಪಕ್ಕದ ತಣ್ಣನೆ ಗಾಳಿಯೊಡನೆ ಬೆರೆಯದೆ ನೆಟ್ಟಗೆ ಏರುತ್ತದೆ. ಆ ಸೆಳೆತಕ್ಕೆ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಕೊಳವೆ ಎತ್ತರವಾದಷ್ಟೂ ಸೆಳೆತ ಹೆಚ್ಚು. ಇದೇ ಉಷ್ಣ ಸಂವಹನ. ಕೊನೆಗೆ 1987ರ ಮ್ಯಾಕಿಂಟಾಶ್ ಎಸ್‌ಇ ಮಾದರಿಗೆ ಫ್ಯಾನ್ ಬಂತು. ಆಗ ಜಾಬ್ಸ್ ಕಂಪನಿಯಲ್ಲಿರಲಿಲ್ಲ.

ಅವರು ಹಿಂದಿರುಗಿದ ಮೇಲೆ ಅದೇ ಹಟ ಇನ್ನೂ ಸುಂದರವಾಗಿ ಪ್ರಕಟವಾಯಿತು. 2000ದ ಜುಲೈ 19ರಂದು ಘೋಷಿಸಿದ ‘ಜಿ4 ಕ್ಯೂಬ್’ ಎಂಟಂಗುಲದ ಘನಾಕಾರದ ಗಣಕ, ಪಾರದರ್ಶಕ ಅಕ್ರಿಲಿಕ್ ಹೊದಿಕೆಯಲ್ಲಿ ತೂಗುಹಾಕಿದಂತೆ ನಿಂತಿತ್ತು. ನಡುವೆ ಖಾಲಿ ಕೊಳವೆ, ಅದರೊಳಗೆ ರೆಕ್ಕೆಗಳುಳ್ಳ ಅಲ್ಯೂಮಿನಿಯಂ. ಗಾಳಿ ಕೆಳಗಿನಿಂದ ಒಳಬಂದು ನೆತ್ತಿಯ ಸೀಳುಗಳಿಂದ ಹೊರಹೋಗುತ್ತಿತ್ತು. ರಟ್ಟಿನ ಚಿಮಣಿ ಈ ಸಲ ಹೊಟ್ಟೆಯೊಳಗೇ ಸೇರಿತ್ತು! ಶಾಖ ತರುವ ವಿದ್ಯುತ್ ಪೂರೈಕೆಯನ್ನು ಬೇರೆ ಪೆಟ್ಟಿಗೆಯಾಗಿ ಮೇಜಿನ ಕೆಳಗೆ ಕಳಿಸಲಾಗಿತ್ತು. ತಾಂತ್ರಿಕವಾಗಿ ಈ ಸಲ ಲೆಕ್ಕ ಸರಿಯಾಗಿತ್ತು. ಸೋತದ್ದು ಬೆಲೆಯಲ್ಲಿ. 1,799 ಡಾಲರ್ ಕೊಟ್ಟು ಹೆಚ್ಚುವರಿ ಕಾರ್ಡು ಹಾಕಲು ಜಾಗವಿಲ್ಲದ ಗಣಕ ಕೊಳ್ಳುವ ಬದಲು ಜನ ಅದಕ್ಕಿಂತ ಅಗ್ಗದ ಗೋಪುರ ಮಾದರಿಯನ್ನು ಆರಿಸಿದರು. ಒಂದು ವರ್ಷ ತುಂಬುವ ಮೊದಲೇ, 2001ರ ಜುಲೈ 3ರಂದು, ಉತ್ಪಾದನೆ ನಿಂತಿತು. ಇಷ್ಟಕ್ಕೂ ಅದರ ತಳದಲ್ಲಿ ಒಂದು ಫ್ಯಾನ್ ಕೂರಿಸಲು ಜಾಗ ಬಿಟ್ಟೇ ಇದ್ದರು. ಮುಂದೆ ವೇಗದ ಪ್ರೊಸೆಸರ್ ಹಾಕಿಸಿಕೊಂಡವರಿಗೆ ಅದು ಉಪಯೋಗಕ್ಕೆ ಬಂತು.

ಇಂದು ಫ್ಯಾನಿಲ್ಲದೆ ಎಷ್ಟು ಶಕ್ತಿಯ ಗಣಕ ಕಟ್ಟಬಹುದು? ಪೆನ್ಸಿಲು ಹಿಡಿದು ಲೆಕ್ಕ ಹಾಕಿ. ನಿಶ್ಚಲ ಗಾಳಿಯಲ್ಲಿ ನಿಂತ ಲೋಹದ ಮೈ, ಸಂವಹನ ಮತ್ತು ವಿಕಿರಣ ಎರಡೂ ಸೇರಿ, ಒಂದು ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವಾಟ್ ಬಿಡಬಲ್ಲದು. ಪೆಟ್ಟಿಗೆಯ ಮೈ ಕೋಣೆಗಿಂತ 25 ಡಿಗ್ರಿ ಬಿಸಿಯಿರಲಿ. ಅದಕ್ಕಿಂತ ಹೆಚ್ಚಾದರೆ ಮುಟ್ಟುವುದು ಕಷ್ಟ. ಆಗ ಚದರ ಮೀಟರಿಗೆ 250 ವಾಟ್. 65 ವಾಟಿನ ಪ್ರೊಸೆಸರಿಗೆ 0.26 ಚದರ ಮೀಟರ್ ಬೇಕು, ಎಂದರೆ ನಾಲ್ಕು ಎ4 ಹಾಳೆಗಳಿಗಿಂತ ತುಸು ಹೆಚ್ಚು. ಸ್ಟ್ರೀಕಾಮ್ ಕಂಪನಿಯ ‘ಡಿಬಿ4’ ಎಂಬ ಫ್ಯಾನಿಲ್ಲದ ಪೆಟ್ಟಿಗೆಯ ನಾಲ್ಕು ಗೋಡೆಗಳೂ ದಪ್ಪ ಅಲ್ಯೂಮಿನಿಯಂ. ಬದಿ ಸುಮಾರು 26 ಸೆಂಟಿಮೀಟರ್. ನಾಲ್ಕನ್ನೂ ಕೂಡಿದರೆ 0.28 ಚದರ ಮೀಟರ್! ಅದು ಮೂಲತಃ ಯಾವ ಪ್ರೊಸೆಸರಿಗೆಂದು ಮಾಡಿದ್ದು ಗೊತ್ತೆ? 65 ವಾಟಿನದಕ್ಕೆ.

ಇದೇ ಲೆಕ್ಕವನ್ನು ಮುಂದುವರಿಸಿ. 2023ರ ಇಂಟೆಲ್ ಕೋರ್ ಐ9-14900ಕೆ ಪೂರ್ತಿ ದುಡಿಯುವಾಗ 253 ವಾಟ್ ಎಳೆಯುತ್ತದೆ. ಅದಕ್ಕೆ ಒಂದು ಚದರ ಮೀಟರ್ ಬೇಕು. 2022ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 4090 ಚಿತ್ರಕಾರ್ಡು 450 ವಾಟಿನದು. ಅದೊಂದಕ್ಕೇ ಮನೆಯ ಬಾಗಿಲಿನಷ್ಟು ದೊಡ್ಡ ಲೋಹದ ಹಾಳೆ ಬೇಕಾದೀತು. ಬಾಗಿಲನ್ನು ಮಡಿಚಿ ಮಡಿಚಿ ರೆಕ್ಕೆಗಳಾಗಿ ಮಾಡಬಹುದು, ಆದರೆ ಅಲ್ಲೂ ಮಿತಿಯಿದೆ. ರೆಕ್ಕೆಗಳು ತೀರ ಹತ್ತಿರವಾದರೆ ನಡುವಿನ ಗಾಳಿ ಸಿಕ್ಕಿಬಿದ್ದು ಕದಲುವುದಿಲ್ಲ. ಆಸ್ಟ್ರಿಯಾದ ನಾಕ್ಟುವಾ ಕಂಪನಿ 2021ರಲ್ಲಿ ತಂದ ‘ಎನ್ಎಚ್-ಪಿ1’ ಎಂಬ ಶಾಖಹಾರಿಯ ರೆಕ್ಕೆಗಳು ದಪ್ಪ, ಅವುಗಳ ನಡುವಿನ ಅಂತರವೂ ದೊಡ್ಡದು. ತೂಕ ಹೆಚ್ಚುಕಡಿಮೆ 1.2 ಕಿಲೋ, ಅದೂ ಅಂಗೈಗಿಂತ ಚಿಕ್ಕ ಚಿಪ್ಪಿನ ತಲೆಯ ಮೇಲೆ!

ಚಿಪ್ಪಿನಿಂದ ಅಷ್ಟು ದೂರದ ಗೋಡೆಗೆ ಶಾಖವನ್ನು ಒಯ್ಯುವುದು ಹೇಗೆ? ಗಟ್ಟಿ ತಾಮ್ರದ ಸರಳೂ ಅಷ್ಟು ಬೇಗ ಸಾಗಿಸಲಾರದು. ಇಲ್ಲಿ ಬರುವುದೇ ಉಷ್ಣನಳಿಕೆ, ಈ ಇಡೀ ಕಥೆಯ ನಿಜವಾದ ನಾಯಕ. ನೋಡಲು ಸಾದಾ ತಾಮ್ರದ ಕೊಳವೆ. ಒಳಗಿನ ಗಾಳಿ ತೆಗೆದು ಒಂದಿಷ್ಟೇ ನೀರು ಬಿಟ್ಟು ಬಾಯಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ನೀರು ನೂರು ಡಿಗ್ರಿಗೆ ಕಾಯುವುದಿಲ್ಲ, ಉಗುರುಬೆಚ್ಚಗಾದರೂ ಕುದಿಯುತ್ತದೆ. ಚಿಪ್ಪಿನ ಬಳಿ ಆವಿಯಾಗಿ, ಕೊಳವೆಯ ಇನ್ನೊಂದು ತುದಿಗೆ ಓಡಿ, ಅಲ್ಲಿ ತಣಿದು ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ದೀಪದ ಎಣ್ಣೆ ಏರಿದಂತೆ ಹಿಂದಿರುಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಶಾಖ ಬೇಕು. ಹಾಗಿದ್ದರೆ 65 ವಾಟ್ ಸಾಗಿಸಲು 35 ಸೆಕೆಂಡಿಗೆ ಒಂದು ಗ್ರಾಂ ನೀರು ಹೋಗಿ ಬಂದರೆ ಸಾಕು! ‘ಗುಪ್ತೋಷ್ಣ’ ಎಂದು ಬಾಯಿಪಾಠ ಮಾಡುವ ಮಕ್ಕಳು ಈ ಉದಾಹರಣೆಯನ್ನು ನೆನಪಿಟ್ಟುಕೊಳ್ಳಬಹುದು.

ಇದರ ಕಲ್ಪನೆಗೆ 1940ರ ದಶಕದಲ್ಲೇ ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ ಪೇಟೆಂಟ್ ಪಡೆದಿದ್ದರೂ ಯಾರೂ ಗಮನಿಸಿರಲಿಲ್ಲ. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಕಂಡುಹಿಡಿದು ಹೆಸರಿಟ್ಟರು. ಮೊದಲ ಉಪಯೋಗ ಅಂತರಿಕ್ಷಕ್ಕಾಗಿ, ಅಲ್ಲಿ ಫ್ಯಾನ್ ಬೀಸಲು ಗಾಳಿಯೇ ಇಲ್ಲವಲ್ಲ! ಬೆಂಗಳೂರಿನಲ್ಲಿ ತಯಾರಾಗುವ ಇಸ್ರೋ ಉಪಗ್ರಹಗಳಲ್ಲೂ ಇಂಥ ನಳಿಕೆಗಳಿವೆ. ನೀರಿನ ಬದಲು ಅಮೋನಿಯಾ ತುಂಬಿರುತ್ತಾರೆ.

ಶಾಖವನ್ನು ಹುಟ್ಟಿನಲ್ಲೇ ತಗ್ಗಿಸುವ ಹೋಲ್ಟ್ ಅವರ ದಾರಿ ಇನ್ನೂ ತೆರೆದಿದೆ. ಚಿಪ್ಪಿನ ಶಾಖ ವೋಲ್ಟೇಜಿನ ವರ್ಗಕ್ಕೂ ಆವೃತ್ತಿಗೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡಾ 10ರಷ್ಟು ಇಳಿಸಿ ನೋಡಿ: 0.9 ಘನ ಎಂದರೆ 0.729. ವೇಗ ಹತ್ತು ಪಾಲು ಹೋಯಿತು, ಶಾಖ ಇಪ್ಪತ್ತೇಳು ಪಾಲು ಹೋಯಿತು. ಒಳ್ಳೆಯ ವ್ಯಾಪಾರವೇ ಸರಿ. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ಪನ್ನು ಹಾಕಿ ಮ್ಯಾಕ್‌ಬುಕ್ ಏರ್ ಎಂಬ ಮಡಿಲುಗಣಕವನ್ನು ಫ್ಯಾನಿಲ್ಲದೆ ಹೊರತಂದು, ಅದು ಅನೇಕ ಫ್ಯಾನುಳ್ಳ ಗಣಕಗಳನ್ನು ಹಿಂದೆ ಹಾಕಿದಾಗ, ನಲವತ್ತು ವರ್ಷಗಳ ಹಟ ಗೆದ್ದಂತಾಯಿತು. ಅದನ್ನು ನೋಡಲು ಜಾಬ್ಸ್ ಇರಲಿಲ್ಲ. ಅವರು 2011ರಲ್ಲಿ ತೀರಿಕೊಂಡಿದ್ದರು.

ಮಗನಿಗೋ ಮಗಳಿಗೋ ಗಣಕ ಕೊಡಿಸಹೊರಟ ತಂದೆತಾಯಿ ಇದಕ್ಕಾಗಿ ಹೆಚ್ಚು ಹಣ ತೆರಬೇಕೆ? ಧ್ವನಿಮುದ್ರಣ ಕೊಠಡಿಗೆ, ಹಿಟ್ಟು ದೂಳು ಹಾರುವ ಕಾರ್ಖಾನೆಗೆ ಫ್ಯಾನಿಲ್ಲದ ಗಣಕ ಯೋಗ್ಯ. ದೂಳನ್ನು ಒಳಗೆಳೆಯುವ ಯಂತ್ರವೇ ಇಲ್ಲವಾದ್ದರಿಂದ ಬಹುಕಾಲ ಸ್ವಚ್ಛವಾಗಿರುತ್ತದೆ. ಓದುವ ಕೋಣೆಗೆ ಮಾತ್ರ ದೊಡ್ಡ ಫ್ಯಾನನ್ನು ನಿಧಾನ ತಿರುಗಿಸುವ ಗಣಕವೇ ಸಾಕು. ಫ್ಯಾನಿನ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ, ಗಾಳಿ ಮಾತ್ರ ಅರ್ಧದಷ್ಟು ಉಳಿದೇ ಇರುತ್ತದೆ. ಪೂರ್ಣ ಮೌನಕ್ಕೆ ಇನ್ನೊಂದು ವಿಚಿತ್ರವೂ ಇದೆ: ಫ್ಯಾನಿನ ಸದ್ದು ಹೋದಮೇಲೆ, ಅದುವರೆಗೆ ಕೇಳದಿದ್ದ ವಿದ್ಯುತ್ ಸುರುಳಿಗಳ ಸಣ್ಣ ಕೀರಲು ಕೇಳತೊಡಗುತ್ತದೆ! ಬಿಸಿಲಿನ ಊರುಗಳವರು ಇನ್ನೊಂದನ್ನು ಯೋಚಿಸಬೇಕು. 22 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿದ ಪೆಟ್ಟಿಗೆಗೆ ರಾಯಚೂರಿನ ಮೇ ತಿಂಗಳ 42 ಡಿಗ್ರಿ ಎಂದರೆ ಒಳಗಿನ ಎಲ್ಲ ಭಾಗವೂ 20 ಡಿಗ್ರಿ ಹೆಚ್ಚು ಬಿಸಿ. ಚಿಪ್ಪು ಸುಟ್ಟುಹೋಗುವುದಿಲ್ಲ, ನೂರು ಡಿಗ್ರಿಯ ಸಮೀಪ ಬಂದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ; ಕೊಟ್ಟ ಹಣದ ವೇಗ ಮಾತ್ರ ಸಿಗುವುದಿಲ್ಲ.

ಮೌನದ ಆಸೆಗೆ ಇರುವ ಗಣಕದ ಫ್ಯಾನಿನ ವೈರು ಕಿತ್ತು ಪ್ರಯೋಗ ಮಾಡಲು ಯಾವ ವಿದ್ಯಾರ್ಥಿಯೂ ಹೋಗಬಾರದು. ವಿದ್ಯುತ್ ಪೂರೈಕೆ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ಪ್ಲಗ್ಗು ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ದೂಳು ಬೀಳದಿರಲೆಂದು ಹೊದಿಸುವ ಕಸೂತಿ ಬಟ್ಟೆ ಅಥವಾ ಪ್ಲಾಸ್ಟಿಕ್ ಕವರನ್ನು ಸ್ವಿಚ್ ಹಾಕುವ ಮೊದಲು ಪೂರ್ತಿ ತೆಗೆದು, ಗೋಡೆಗೂ ಪೆಟ್ಟಿಗೆಗೂ ಒಂದು ಗೇಣು ಜಾಗ ಬಿಟ್ಟರೆ, ಫ್ಯಾನಿದ್ದ ಗಣಕವೂ ಅರ್ಧ ಸದ್ದು ಕಡಿಮೆ ಮಾಡೀತು.